ಹಳೇ ಆರ್ಕೇಡ್ ಗೇಮ್‌ಗಳಿಗೆ ಚಿತ್ರಸಹಿತ ಡೇಟಾಬೇಸ್ ಕಟ್ಟುತ್ತಿದ್ದೇವೆ, ವಿನ್ಯಾಸ ಹೇಗಿರಬೇಕು?

ಬಸವನಗುಡಿ_ಬೈಟ್

ಎಲ್ಲರಿಗೂ ನಮಸ್ಕಾರ. ಆರ್ಕೇಡ್ ಗೇಮ್‌ಗಳ ಇತಿಹಾಸಕ್ಕೆ ಒಂದು ಡೇಟಾಬೇಸ್ ಮಾಡಬೇಕು ಅಂತ ನಾವು ಕೆಲವು ಗೆಳೆಯರು ಹೊರಟಿದ್ದೇವೆ. ಬರೀ ಪಟ್ಟಿ ಅಲ್ಲ. ಒತ್ತಿ, ತಿರುಗಿಸಿ, ಹಿಗ್ಗಿಸಿ ನೋಡುವ ಹಾಗಿರಬೇಕು. 1971ರ ಕಂಪ್ಯೂಟರ್ ಸ್ಪೇಸ್‌ನಿಂದ ಶುರು ಮಾಡಿ 90ರ ದಶಕದ ಕೊನೆಯವರೆಗೆ.

ಈಗಿನ ಪ್ಲಾನ್ ಹೀಗಿದೆ. ಪ್ರತಿ ಗೇಮ್ ಒಂದು ಚುಕ್ಕಿ. ಕಂಪನಿ, ಡಿಸೈನರ್, ಒಳಗಿನ ಚಿಪ್, ಮುಂದಿನ ಭಾಗ, ನಕಲು, ಎಲ್ಲಕ್ಕೂ ಗೆರೆ. ಒಂದು ಚುಕ್ಕಿ ಒತ್ತಿದರೆ ಅದರ ನಂಟೆಲ್ಲ ಬಿಚ್ಚಿಕೊಳ್ಳುತ್ತದೆ. ಕೆಳಗೆ ವರ್ಷಗಳ ಪಟ್ಟಿ, ಎಳೆದರೆ ಹಿಂದೆ ಮುಂದೆ ಹೋಗುತ್ತದೆ. ಒಳಗೆ ಡೇಟಾ ಇಡೋಕೆ ಪೋಸ್ಟ್‌ಗ್ರೆಸ್, ಮೇಲೆ ಚಿತ್ರ ಬಿಡಿಸೋಕೆ ಡಿ3. ಜೊತೆಗೆ ಬೆಂಗಳೂರಿನ ವಿಡಿಯೋ ಗೇಮ್ ಪಾರ್ಲರ್‌ಗಳೂ ಇದರಲ್ಲಿ ಬರಬೇಕು ಅಂತ ಆಸೆ.

ಈ ವಿನ್ಯಾಸ ಸರಿಯಾ? ಏನು ಬಿಟ್ಟಿದ್ದೇವೆ? ಬೈಯ್ಯುವುದಿದ್ದರೆ ಕಾರಣ ಕೊಟ್ಟು ಬೈಯ್ಯಿರಿ.

ರಾಜಾಜಿನಗರ_90

ಮುಸ್ತಫಾ ಗೇಮ್ ಇರುತ್ತಾ? ಇಲ್ಲದಿದ್ದರೆ ನನಗೆ ಬೇಡ.

ಚುಕ್ಕಿಗೆರೆ

ಡಿಸೈನ್ ಕೆಲಸ ಮಾಡುವವಳಾಗಿ ಹೇಳುತ್ತೇನೆ, ಗ್ರಾಫ್, ಅಂದ್ರೆ ಈ ಚುಕ್ಕಿ ಗೆರೆಗಳ ಜಾಲ, ಬಿಡಿ. ಮೂವತ್ತು ಚುಕ್ಕಿ ಇರುವ ಡೆಮೊದಲ್ಲಿ ಅದು ಬಹಳ ಚೆಂದ. ಸಾವಿರ ಚುಕ್ಕಿ ಹಾಕಿದ ಮೇಲೆ ಬಾಚಣಿಗೆಯಲ್ಲಿ ಸಿಕ್ಕ ಕೂದಲಿನ ಉಂಡೆ ಕಾಣುತ್ತದೆ, ಬೇರೇನಿಲ್ಲ. ಝಡ್80 ಚಿಪ್ ಅನ್ನೋ ಒಂದೇ ಚುಕ್ಕಿಗೆ ಎಷ್ಟು ಗೆರೆ ಬರುತ್ತದೆ ಯೋಚನೆ ಮಾಡಿ. ಪ್ಯಾಕ್-ಮ್ಯಾನ್, ಗ್ಯಾಲಕ್ಸಿಯನ್, ಡಾಂಕಿ ಕಾಂಗ್, ಎಲ್ಲವೂ ಅದರ ಮೇಲೇ ಓಡಿದ್ದು. ಅರ್ಧ ಗ್ರಾಫ್ ಅಲ್ಲೇ ಗಂಟು.

ನೋಡುವವರು ಎಲ್ಲಿಂದ ಒಳಗೆ ಬರುತ್ತಾರೆ ಅನ್ನೋದನ್ನ ಮೊದಲು ತೀರ್ಮಾನಿಸಿ. ನನ್ನ ಪ್ರಕಾರ ಮಷೀನಿನ ಚಿತ್ರದಿಂದ. ಇಡೀ ಮಷೀನ್ ಎದುರಿಗೆ ನಿಂತಿರಬೇಕು. ಮೇಲಿನ ಲೈಟ್ ಬೋರ್ಡ್ ಒತ್ತಿದರೆ ಅದರ ಚಿತ್ರ ಬಿಡಿಸಿದವರ ಕಥೆ, ಹ್ಯಾಂಡಲ್ ಒತ್ತಿದರೆ ನಾಲ್ಕು ದಿಕ್ಕಿನದ್ದಾ ಎಂಟು ದಿಕ್ಕಿನದ್ದಾ, ಕಾಯಿನ್ ಬಾಗಿಲು ಒತ್ತಿದರೆ ಯಾವ ನಾಣ್ಯ ತಗೊಳ್ಳುತ್ತಿತ್ತು, ಹಿಂದಿನ ಬಾಗಿಲು ತೆರೆದರೆ ಸರ್ಕ್ಯೂಟ್ ಬೋರ್ಡ್.

ಸುಮ್ನೆ_ಓದುಗ

ಕೂದಲಿನ ಉಂಡೆ 😂 ನಮ್ಮ ಆಫೀಸಿನ ಡ್ಯಾಶ್‌ಬೋರ್ಡ್ ನೆನಪಾಯಿತು.

ಸೋಲ್ಡರ್_ಸ್ವಾಮಿ

ನಾನು ಹಳೇ ಟಿವಿ, ಗೇಮ್ ಬೋರ್ಡ್ ರಿಪೇರಿ ಮಾಡಿದವನು. ನಿಮ್ಮ ಪ್ಲಾನಿನಲ್ಲಿ ಬುಡದಲ್ಲೇ ತೊಂದರೆ ಇದೆ. ಗೇಮ್ ಬೇರೆ, ಮಷೀನ್ ಬೇರೆ. ನೀವು ಎರಡನ್ನೂ ಒಂದೇ ಚುಕ್ಕಿ ಮಾಡಿದ್ದೀರಿ.

ದೊಡ್ಡ ಉದಾಹರಣೆಯನ್ನೇ ತಗೊಳ್ಳಿ. 1980ರಲ್ಲಿ ನಿಂಟೆಂಡೊ ರೇಡಾರ್ ಸ್ಕೋಪ್ ಅಂತ ಒಂದು ಗೇಮ್ ಮಾಡಿ ಅಮೆರಿಕಕ್ಕೆ ಕಳಿಸಿತು. ಮಾರಾಟ ಆಗಲಿಲ್ಲ. ರಾಶಿ ರಾಶಿ ಮಷೀನ್ ಗೋಡೌನಿನಲ್ಲಿ ಉಳಿಯಿತು. ಅದೇ ಡಬ್ಬಗಳಿಗೆ ಹಾಕೋಕೆ ಹೊಸ ಗೇಮ್ ಬೇಕು ಅಂತ ತಮ್ಮ ಡಿಸೈನರ್ ಮಿಯಾಮೊಟೊಗೆ ಕೆಲಸ ಕೊಟ್ಟರು. ಬಂದಿದ್ದು 1981ರ ಡಾಂಕಿ ಕಾಂಗ್. ಅದಕ್ಕೇ ಅಮೆರಿಕದ ಮೊದಮೊದಲ ಡಾಂಕಿ ಕಾಂಗ್ ಮಷೀನ್‌ಗಳು ಕೆಂಪು ಬಣ್ಣ, ಆಮೇಲಿನವು ನೀಲಿ. ಈಗ ಹೇಳಿ, ಆ ಕೆಂಪು ಡಬ್ಬ ನಿಮ್ಮ ಡೇಟಾಬೇಸಿನಲ್ಲಿ ಯಾವ ಚುಕ್ಕಿ?

ನಮ್ಮೂರಿನಲ್ಲಿ ಇದು ಇನ್ನೂ ಜಾಸ್ತಿ. 1985ರಲ್ಲಿ ಜಪಾನಿನವರು ಜಾಮಾ ಅಂತ ಸ್ಟ್ಯಾಂಡರ್ಡ್ ತಂದರು. 56 ಪಿನ್ನಿನ ಒಂದೇ ಕನೆಕ್ಟರ್. ಕರೆಂಟು, ಚಿತ್ರ, ಸೌಂಡ್, ಹ್ಯಾಂಡಲ್, ಬಟನ್ ಎಲ್ಲ ಅದರಲ್ಲೇ. ಬೋರ್ಡ್ ಎಳೆದು ಇನ್ನೊಂದು ಚುಚ್ಚಿದರೆ ಗೇಮ್ ಬದಲು. ಅಂಗಡಿಯವರು ಇಲ್ಲಿನ ಬಡಗಿ ಕೈಯಲ್ಲಿ ಪ್ಲೈವುಡ್ ಡಬ್ಬ ಮಾಡಿಸಿ, ಒಳಗೆ ಟಿವಿಯ ಪಿಕ್ಚರ್ ಟ್ಯೂಬ್ ಕೂರಿಸಿ, ಬೋರ್ಡ್ ಮಾತ್ರ ಬದಲಾಯಿಸುತ್ತಿದ್ದರು. ಮೇಲೆ ಒಂದು ಗೇಮಿನ ಸ್ಟಿಕ್ಕರ್, ಒಳಗೆ ಇನ್ನೊಂದು, ಬಟನ್ ಮೂರನೆಯದ್ದು. ಅದರಲ್ಲಿ ಯಾವುದನ್ನು ಇತಿಹಾಸ ಅನ್ನುತ್ತೀರಿ?

ಬಸವನಗುಡಿ_ಬೈಟ್

ಸ್ವಾಮಿ ಸರ್, ಹಾಗಾದರೆ ಗೇಮ್, ಬೋರ್ಡ್, ಡಬ್ಬ ಅಂತ ಮೂರು ಟೇಬಲ್?

ಸೋಲ್ಡರ್_ಸ್ವಾಮಿ

ಜೊತೆಗೆ ಅಂಗಡಿ. ಯಾವ ಬೋರ್ಡ್ ಯಾವ ಡಬ್ಬದಲ್ಲಿ ಯಾವಾಗಿಂದ ಯಾವಾಗಿನವರೆಗೆ ಇತ್ತು ಅನ್ನೋದೇ ಮುಖ್ಯ. ಗೇಮಿನ ಹೆಸರು ಕೊನೆಗೆ ಬರುತ್ತದೆ.

ಮಲ್ಲೇಶ್ವರಂ_ಮಗ

ಇಷ್ಟೆಲ್ಲ ಯಾಕೆ ಗುರು? ಹಳೇ ಆರ್ಕೇಡ್ ಬೋರ್ಡ್‌ಗಳನ್ನ ಕಂಪ್ಯೂಟರಿನಲ್ಲಿ ಓಡಿಸುವ ಮೇಮ್ ಅನ್ನೋ ಎಮ್ಯುಲೇಟರ್ ಇದೆ. 1997ರಿಂದ ನಡೀತಿದೆ. ಸಾವಿರಾರು ಗೇಮ್‌ಗಳ ಆವೃತ್ತಿ, ನಕಲು, ಚಿಪ್ ಸಮೇತ ದಾಖಲಾಗಿದೆ. 2014ರಿಂದ ಇಂಟರ್ನೆಟ್ ಆರ್ಕೈವ್‌ನಲ್ಲಿ ಬ್ರೌಸರಿನಲ್ಲೇ ಆಡಬಹುದು. ನೀವು ಮತ್ತೆ ಮೊದಲಿಂದ ಮಾಡಿ ಏನು ಸಿಗುತ್ತದೆ?

ಚುಕ್ಕಿಗೆರೆ

@ಮಲ್ಲೇಶ್ವರಂ_ಮಗ ಮೇಮ್ ಉಳಿಸುವುದು ಬೋರ್ಡನ್ನು. ಕಣ್ಣಿಗೆ ಕಂಡದ್ದನ್ನು ಅಲ್ಲ. ಸ್ಪೇಸ್ ಇನ್ವೇಡರ್ಸ್ ನೋಡಿ, 1978. ಒಳಗಿನ ಚಿತ್ರ ಪೂರ್ತಿ ಕಪ್ಪು ಬಿಳುಪು. ಬಣ್ಣ ಕಾಣುತ್ತಿದ್ದದ್ದು ಪರದೆ ಮೇಲೆ ಅಂಟಿಸಿದ ಬಣ್ಣದ ಪಟ್ಟಿಯಿಂದ. ಅಮೆರಿಕದಲ್ಲಿ ಮಿಡ್‌ವೇ ಕಂಪನಿ ಮಾಡಿದ ನಿಂತ ಮಷೀನಿನಲ್ಲಿ ಹಿಂದೆ ಚಂದ್ರನ ನೆಲದ ಚಿತ್ರ ಇತ್ತು, ಟ್ಯೂಬಿನ ಚಿತ್ರ ಕನ್ನಡಿಯಲ್ಲಿ ಪ್ರತಿಫಲಿಸಿ ಅದರ ಮೇಲೆ ತೇಲುತ್ತಿತ್ತು. ಚಿಪ್ಪಿನಲ್ಲಿ ಚಂದ್ರನೂ ಇಲ್ಲ, ಬಣ್ಣವೂ ಇಲ್ಲ. ಬರೀ ಸ್ಕ್ರೀನ್‌ಶಾಟ್ ಹಾಕಿದರೆ ಜನ ನೋಡದೇ ಇದ್ದದ್ದನ್ನು ತೋರಿಸಿದ ಹಾಗೆ.

ಇನ್ನು 1979ರ ಆಸ್ಟರಾಯ್ಡ್ಸ್. ಅದರಲ್ಲಿ ಪಿಕ್ಸೆಲ್ಲೇ ಇಲ್ಲ, ಕಿರಣ ನೇರವಾಗಿ ಗೆರೆ ಎಳೆಯುತ್ತಿತ್ತು. ಗುಂಡಿನ ಚುಕ್ಕಿ ಎಷ್ಟು ಪ್ರಕಾಶ ಅಂದರೆ ಕಣ್ಣು ಕುಕ್ಕುತ್ತಿತ್ತು. ಅದನ್ನ ಪಿಎನ್‌ಜಿ ಫೈಲ್ ಮಾಡಿ ಉಳಿಸಿದೆವು ಅಂದರೆ ನಗಬೇಕು.

ಮಲ್ಲೇಶ್ವರಂ_ಮಗ

ಮೇಮ್‌ಗೆ ಆ ಚಿತ್ರಗಳನ್ನೂ ಬೇರೆಯಾಗಿ ಸೇರಿಸಬಹುದು ಮೇಡಂ, ಆರ್ಟ್‌ವರ್ಕ್ ಫೈಲ್ ಅಂತಲೇ ಇದೆ. ಆದರೆ ಅಂಗಡಿ ವಿಷಯ ಒಪ್ಪುತ್ತೇನೆ. ಮಲ್ಲೇಶ್ವರಂ ಎಂಟನೇ ಕ್ರಾಸಿನಲ್ಲಿ ಏನಿತ್ತು ಅಂತ ಯಾವ ಎಮ್ಯುಲೇಟರೂ ಹೇಳಲ್ಲ.

ಗ್ರಂಥಾಲಯದಕ್ಕ

ಆರ್ಕೈವ್ ಕೆಲಸದಲ್ಲಿರುವವಳು, ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ತಾರೀಖು. "ಬಿಡುಗಡೆ ವರ್ಷ" ಅಂತ ಒಂದೇ ಕಾಲಂ ಇಟ್ಟರೆ ನಾಳೆಯೇ ಜಗಳ. ಪ್ಯಾಕ್-ಮ್ಯಾನ್‌ಗೆ ಎಲ್ಲರೂ ಹೇಳುವ 1980ರ ಮೇ 22, ಟೋಕಿಯೋದ ಶಿಬುಯಾದಲ್ಲಿ ಜನರ ಮುಂದೆ ಪರೀಕ್ಷೆಗೆ ಇಟ್ಟ ದಿನ. ಅಂಗಡಿಗಳಿಗೆ ಬಂದಿದ್ದು ಆಮೇಲೆ. ಅಮೆರಿಕಕ್ಕೆ ಮಿಡ್‌ವೇ ತಂದಿದ್ದು ಇನ್ನೂ ತಡವಾಗಿ, ಹೆಸರೂ ಬದಲು. ಜಪಾನಿನಲ್ಲಿ ಅದು ಪಕ್-ಮ್ಯಾನ್. ಹಾಗಾಗಿ ತಾರೀಖು ಗೇಮಿಗೆ ಸೇರಿದ್ದಲ್ಲ, ಒಂದು ಘಟನೆಗೆ ಸೇರಿದ್ದು. ಪರೀಕ್ಷೆ, ಮಾರಾಟ, ಆಮದು, ಅಂಗಡಿಗೆ ಬಂದದ್ದು, ಗುಜರಿಗೆ ಹೋದದ್ದು, ಒಂದೊಂದೂ ಬೇರೆ ಸಾಲು.

ಬೆಂಗಳೂರಿನ ಭಾಗಕ್ಕೆ ಬಂದರೆ ತಾರೀಖೇ ಸಿಗಲ್ಲ. "ನಾನು ಆರನೇ ಕ್ಲಾಸ್ ಇದ್ದಾಗ" ಅನ್ನುತ್ತಾರೆ. ಅದಕ್ಕೆ 1993 ಅಂತ ಬರೆದು ಕೂರಬೇಡಿ. ತಾರೀಖು ಬರೆಯುವ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಐಎಸ್ಒ 8601ರ ಎರಡನೇ ಭಾಗ 2019ರಲ್ಲಿ ಬಂದಿದೆ. ಖಚಿತ ಇಲ್ಲದ ತಾರೀಖು ಬರೆಯೋಕೆ ಅದರಲ್ಲಿ ಪದ್ಧತಿ ಇದೆ. 199 ಬರೆದು ಪಕ್ಕದಲ್ಲಿ ಎಕ್ಸ್ ಹಾಕಿದರೆ ಆ ದಶಕದ ಯಾವುದೋ ವರ್ಷ. ವರ್ಷ ಬರೆದ ಮೇಲೆ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿದರೆ ಅನುಮಾನ. ಪರದೆ ಮೇಲೂ ಅದು ಕಾಣಬೇಕು. ಖಚಿತ ಇದ್ದದ್ದಕ್ಕೆ ಗಟ್ಟಿ ಗೆರೆ, ಇಲ್ಲದ್ದಕ್ಕೆ ಮಸುಕು ಪಟ್ಟಿ.

ಎರಡನೆಯದು, ಯಾರು ಹೇಳಿದರು. ಪ್ರತಿ ಮಾಹಿತಿಗೂ ಮೂಲ ಅಂಟಿರಬೇಕು. ಇಬ್ಬರು ಬೇರೆ ಬೇರೆ ಹೇಳಿದರೆ ಎರಡನ್ನೂ ಇಡಿ. ಒಂದನ್ನು ಅಳಿಸಬೇಡಿ.

ರಾಜಾಜಿನಗರ_90

ಅಕ್ಕ, ಸ್ಪೇಸ್ ಇನ್ವೇಡರ್ಸ್ ಬಂದಾಗ ಜಪಾನಿನಲ್ಲಿ 100 ಯೆನ್ ನಾಣ್ಯವೇ ಖಾಲಿ ಆಗಿತ್ತಂತೆ. ಇದನ್ನ ಹಾಕಲೇಬೇಕು, ಜನ ಓದುತ್ತಾರೆ.

ಮಲ್ಲೇಶ್ವರಂ_ಮಗ

ಅದು ಸುಳ್ಳು. 1978 ಮತ್ತು 79ರಲ್ಲಿ ಜಪಾನಿನ ಟಂಕಸಾಲೆ 100 ಯೆನ್ ನಾಣ್ಯ ಹೊಡೆದಿದ್ದು 1977ಕ್ಕಿಂತ ಕಡಿಮೆ. ನಾಣ್ಯ ಇಲ್ಲದೆ ಒದ್ದಾಡುತ್ತಿದ್ದರೆ ಜಾಸ್ತಿ ಹೊಡೆಯುತ್ತಿದ್ದರು ಅಲ್ವಾ? ಅಂಗಡಿಯವರು ಡಬ್ಬ ತುಂಬಿದ ನಾಣ್ಯವನ್ನ ಬ್ಯಾಂಕಿಗೆ ಕೊಡುತ್ತಿದ್ದರು, ಅದು ಮತ್ತೆ ಹೊರಗೆ ಬರುತ್ತಿತ್ತು.

ರಾಜಾಜಿನಗರ_90

ಎಷ್ಟೋ ಲೇಖನದಲ್ಲಿ ಇದೆ ಗುರು!

ಗ್ರಂಥಾಲಯದಕ್ಕ

ಇದೇ ನಾನು ಹೇಳಿದ್ದು. ಈ ಕಥೆಯನ್ನ ಬಿಡಬೇಡಿ. "ಹೀಗೊಂದು ಮಾತಿದೆ" ಅಂತ ದಾಖಲಿಸಿ, ಪಕ್ಕದಲ್ಲೇ ಟಂಕಸಾಲೆಯ ಲೆಕ್ಕ ಹಾಕಿ. ಯಾಕೆ ಹಬ್ಬಿತು ಅನ್ನೋದೂ ಇತಿಹಾಸವೇ.

ಮುಸ್ತಫಾ_ಫ್ಯಾನ್

ರಾಜಾಜಿನಗರದವರೇ, ನೀವು ಕೇಳಿದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಕೊಡುತ್ತೇನೆ. ಅಸಲಿ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್, ಕ್ಯಾಪ್ಕಾಮ್, 1993. ನಾಲ್ಕು ಪಾತ್ರ: ಜ್ಯಾಕ್, ಹ್ಯಾನಾ, ಮುಸ್ತಫಾ, ಮೆಸ್. ನಮ್ಮ ಏರಿಯಾದಲ್ಲಿ ಇಡೀ ಗೇಮಿಗೇ ಮುಸ್ತಫಾ ಅಂತ ಹೆಸರು, ಯಾಕಂದ್ರೆ ಎಲ್ಲರಿಗೂ ಅವನೇ ಬೇಕಿತ್ತು. ಓಡಿ ಬಂದು ಒದೆಯುತ್ತಿದ್ದದ್ದು ಇದೆಯಲ್ಲ!

ಸರ್ಚ್‌ನಲ್ಲಿ "ಮುಸ್ತಫಾ", "ಮುಸ್ತಾಫ", "ಡೈನೋಸಾರ್ ಗೇಮ್" ಏನು ಹಾಕಿದರೂ ಇದೇ ಬರಬೇಕು. ಅಸಲಿ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸುಮ್ನೆ_ಓದುಗ

ಮೆಸ್ ತಗೊಂಡವನೇ ಜಾಣ. ಒಂದೇ ಗುದ್ದು, ಮುಗೀತು.

ಮುಸ್ತಫಾ_ಫ್ಯಾನ್

ಮೆಸ್ ಬಹಳ ನಿಧಾನ. ನಿಮ್ಮ ಅಭಿಪ್ರಾಯಕ್ಕೂ ಮೂಲ ಕೊಡಿ ಸ್ವಾಮಿ 😀

ಸೋಲ್ಡರ್_ಸ್ವಾಮಿ

ಕರೆದಿರಾ? ಇದರ ಬಗ್ಗೆ ಹೇಳುವುದಿದೆ. ಅಸಲಿ ಬೋರ್ಡಿನಲ್ಲಿ ಮೂರು ಜನ ಒಟ್ಟಿಗೆ ಆಡಬಹುದು. ಇಲ್ಲಿನ ಡಬ್ಬಗಳಲ್ಲಿ ನಾನು ನೋಡಿದ್ದು ಎರಡೇ ಹ್ಯಾಂಡಲ್. ಜಾಮಾ ಕನೆಕ್ಟರಿನಲ್ಲಿ ಇಬ್ಬರಿಗೆ ಮಾತ್ರ ಜಾಗ, ಮೂರನೆಯವನಿಗೆ ಬೇರೆ ವೈರಿಂಗ್ ಎಳೆಯಬೇಕು, ಯಾರು ಎಳೆಯುತ್ತಾರೆ?

ಇನ್ನು ಸೌಂಡ್. ಅಸಲಿಯಲ್ಲಿ ಕ್ಯೂಸೌಂಡ್ ಚಿಪ್. ಅದರ ಪ್ರೋಗ್ರಾಮನ್ನ ಗುಪ್ತಲಿಪಿ ಮಾಡಿ ಇಟ್ಟಿದ್ದರು. ನಕಲು ಮಾಡುವವರಿಗೆ ಅದು ತಲೆನೋವು. ಹಾಗಾಗಿ ಕೆಲವು ನಕಲಿ ಬೋರ್ಡ್‌ಗಳಲ್ಲಿ ಆ ಭಾಗವನ್ನೇ ಕಿತ್ತು ಬೇರೆ ಅಗ್ಗದ ಸೌಂಡ್ ಚಿಪ್ ಹಾಕಿದರು. ಮೇಮ್‌ನಲ್ಲಿ ಅವೂ ದಾಖಲಾಗಿವೆ. ನಕಲಿ ಬೋರ್ಡಿನಲ್ಲಿ ಆಡಿ ಬೆಳೆದವನಿಗೆ ಅಸಲಿ ಸಂಗೀತ ಕೇಳಿಸಿದರೆ "ಇದು ಬೇರೆ ಏನೋ" ಅನ್ನುತ್ತಾನೆ. ಡೇಟಾಬೇಸಿನಲ್ಲಿ ಎರಡೂ ಬೇಕು. ನಕಲಿ ಅಂತ ಮೂಲೆಗೆ ತಳ್ಳಬೇಡಿ.

ಮಲ್ಲೇಶ್ವರಂ_ಮಗ

ನಕಲಿಗೂ ಅದೇ ಮರ್ಯಾದೆ ಕೊಟ್ಟರೆ ಮಾಡಿದವರಿಗೆ ಅವಮಾನ ಅಲ್ವಾ? ಕದ್ದ ಮಾಲಿಗೆ ಮ್ಯೂಸಿಯಂನಲ್ಲಿ ಗಾಜಿನ ಪೆಟ್ಟಿಗೆ ಯಾಕೆ?

ಚುಕ್ಕಿಗೆರೆ

ಸ್ಟ್ರೀಟ್ ಫೈಟರ್ 2 ವಿಷಯದಲ್ಲಿ ನಕಲಿನವರು ಅಸಲಿಯನ್ನೇ ಬದಲಾಯಿಸಿದರು. ಗಾಳಿಯಲ್ಲೇ ಬೆಂಕಿ ಉಂಡೆ ಬಿಡುವ, ಜಗಳದ ಮಧ್ಯೆ ಪಾತ್ರ ಬದಲಾಯಿಸುವ ರೇನ್‌ಬೋ ಎಡಿಷನ್ ಅಂತ ಬಂತು. 1992ರ ಕೊನೆಗೆ ಕ್ಯಾಪ್ಕಾಮ್ ವೇಗ ಜಾಸ್ತಿ ಮಾಡಿದ ಹೈಪರ್ ಫೈಟಿಂಗ್ ತಂದಿದ್ದಕ್ಕೆ ಇದೂ ಒಂದು ಕಾರಣ. ಈ ಗೆರೆ ಎಳೆಯದೆ ಆ ಗೇಮಿನ ಕಥೆ ಹೇಳೋಕೆ ಆಗಲ್ಲ.

ಮಲ್ಲೇಶ್ವರಂ_ಮಗ

ಸರಿ, ಗೆರೆ ಎಳೆಯಿರಿ. ಆದರೆ ಬಣ್ಣ ಬೇರೆ ಇರಲಿ.

ಕಾನೂನು_ಕಟ್ಟೆ

ಒಂದು ಎಚ್ಚರಿಕೆ. ರೋಮ್ ಫೈಲ್, ಅಂದ್ರೆ ಚಿಪ್ಪಿನಿಂದ ತೆಗೆದ ಪ್ರೋಗ್ರಾಮ್, ಸೈಟಿನಲ್ಲಿ ಇಡಬೇಡಿ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಸಾಹಿತ್ಯ ಕೃತಿಗಳ ಸಾಲಿಗೆ ಸೇರುತ್ತದೆ. ಬರೆದವರು ತೀರಿಕೊಂಡ ಮೇಲೆ 60 ವರ್ಷ ರಕ್ಷಣೆ. ಈ ಗೇಮ್ ಬರೆದವರಲ್ಲಿ ಎಷ್ಟೋ ಜನ ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಲೆಕ್ಕ ನೀವೇ ಹಾಕಿ. ಫೈಲಿನ ಹ್ಯಾಶ್, ಅಂದ್ರೆ ಬೆರಳಚ್ಚಿನಂಥ ಗುರುತಿನ ಸಂಖ್ಯೆ, ಇಡಿ, ಅದಕ್ಕೆ ತೊಂದರೆ ಇಲ್ಲ. ಯಾರ ಬಳಿಯಾದರೂ ಬೋರ್ಡ್ ಇದ್ದರೆ ಅದು ಯಾವ ಆವೃತ್ತಿ ಅಂತ ತಾಳೆ ನೋಡೋಕೆ ಅಷ್ಟು ಸಾಕು.

ಮಷೀನಿನ ಫೋಟೋ ತೆಗೆದವರು ಬೇರೆ, ಮೇಲಿನ ಚಿತ್ರ ಬಿಡಿಸಿದವರು ಬೇರೆ. ಫೋಟೋಗ್ರಾಫರ್ ಒಪ್ಪಿಗೆ ಕೊಟ್ಟರೆ ಎಲ್ಲ ಮುಗಿಯಲ್ಲ. ಪ್ರತಿ ಚಿತ್ರಕ್ಕೂ ಎರಡು ಹಕ್ಕಿನ ಕಾಲಂ ಇಡಿ.

ಇನ್ನೊಂದು, ಬೆಂಗಳೂರಿನವರಿಗೆ ಬೇಕಾದ್ದು. ಶಿವಾನಿ ಕೇಸ್ ಅಂತ ಇದೆ, ಎದುರು ಪಕ್ಷ ಕರ್ನಾಟಕ ರಾಜ್ಯ. ಸುಪ್ರೀಂ ಕೋರ್ಟ್ ತೀರ್ಪು 1995ರ ಏಪ್ರಿಲ್‌ನಲ್ಲಿ ಬಂತು. ವಿಡಿಯೋ ಗೇಮ್ ಪಾರ್ಲರ್ ನಡೆಸೋಕೆ ಪೊಲೀಸ್ ಲೈಸೆನ್ಸ್ ಬೇಕಾ, ಇದು ಕೌಶಲದ ಆಟವಾ ಅದೃಷ್ಟದ್ದಾ ಅನ್ನೋದೇ ಜಗಳ. ಲೈಸೆನ್ಸ್ ಬೇಕು ಅಂತ ಕೋರ್ಟ್ ಹೇಳಿತು. ತೀರ್ಪು ಯಾರು ಬೇಕಾದರೂ ಓದಬಹುದು.

ಬಸವನಗುಡಿ_ಬೈಟ್

ಇದು ಗೊತ್ತೇ ಇರಲಿಲ್ಲ! ಲೈಸೆನ್ಸ್ ಅಂದರೆ ಅರ್ಜಿ. ಅರ್ಜಿ ಅಂದರೆ ವಿಳಾಸ, ತಾರೀಖು, ಎಷ್ಟು ಮಷೀನ್ ಅನ್ನೋದು. ಇನ್‌ಫೆಂಟ್ರಿ ರಸ್ತೆಯ ಕಮಿಷನರ್ ಕಚೇರಿಗೆ ಆರ್‌ಟಿಐ ಹಾಕಬಹುದಾ?

ಕಾನೂನು_ಕಟ್ಟೆ

ಹಾಕಿ. ಹಳೇ ಫೈಲ್ ನಾಶ ಮಾಡಿದ್ದರೆ ನಾಶ ಮಾಡಿದ ಆದೇಶದ ಪ್ರತಿ ಕೇಳಿ. ಉತ್ತರ ಏನೇ ಬಂದರೂ ಒಂದು ದಾಖಲೆ ಸಿಕ್ಕ ಹಾಗಾಯಿತು.

ಜಯನಗರ_ಫೋರ್ತ್‌ಬ್ಲಾಕ್

ಲೈಸೆನ್ಸ್ ಇದ್ದವು ಕಾಗದದಲ್ಲಿ ಸಿಗುತ್ತವೆ ಸರ್. ನಮ್ಮ ಬೀದಿಯಲ್ಲಿ ಇದ್ದದ್ದು ಜೆರಾಕ್ಸ್ ಅಂಗಡಿ ಹಿಂದಿನ ಕೋಣೆ. ಪರದೆ ಸರಿಸಿ ಒಳಗೆ ಹೋಗಬೇಕು. ಎರಡು ಮಷೀನ್, ಒಂದು ಫ್ಯಾನ್, ಒಂದು ರೂಪಾಯಿಗೆ ಒಂದು ಆಟ. ಹೊರಗೆ ನಾಮಫಲಕವೂ ಇಲ್ಲ, ಹೆಸರೂ ಇಲ್ಲ. ಅಂಥವೇ ಜಾಸ್ತಿ ಇದ್ದವು. ಅವನ್ನ ಜನರ ಬಾಯಿಂದಲೇ ಕೇಳಿ ಬರೆಯಬೇಕು. ಮ್ಯಾಪ್ ಮೇಲೆ ಒತ್ತಿ "ಇಲ್ಲೊಂದಿತ್ತು" ಅಂತ ಹೇಳುವ ವ್ಯವಸ್ಥೆ ಮಾಡಿ, ದಯವಿಟ್ಟು ಲಾಗಿನ್ ಕೇಳಬೇಡಿ. ಲಾಗಿನ್ ಅಂದ ಕೂಡಲೇ ನಮ್ಮ ಅಣ್ಣನಂಥವರು ಫೋನ್ ಕೆಳಗಿಡುತ್ತಾರೆ.

ಗ್ರಂಥಾಲಯದಕ್ಕ

ಒಳ್ಳೇ ಮಾತು. ಆದರೆ ಅಂಗಡಿ ನಡೆಸಿದವರ ಹೆಸರನ್ನ ಅವರ ಒಪ್ಪಿಗೆ ಇಲ್ಲದೆ ಹಾಕಬೇಡಿ. ಕೆಲವರಿಗೆ ಪೊಲೀಸ್ ಕಾಟದ ನೆನಪು ಇನ್ನೂ ಇದೆ. ಹಳೇ ಫೋಟೋದಲ್ಲಿ ಮಕ್ಕಳ ಮುಖ ಇದ್ದರೆ ಅದಕ್ಕೂ ಯೋಚನೆ ಮಾಡಿ. ಸಂದರ್ಶನ ರೆಕಾರ್ಡ್ ಮಾಡಿದರೆ ಒಪ್ಪಿಗೆ ಪತ್ರ ಕನ್ನಡದಲ್ಲೇ ಇರಲಿ. ಜಿಕೆವಿಕೆ ಆವರಣದಲ್ಲಿ ಜೀವವಿಜ್ಞಾನ ಸಂಸ್ಥೆಯೊಂದರ ಎನ್‌ಸಿಬಿಎಸ್ ಆರ್ಕೈವ್ಸ್ ಇದೆ, 2019ರಿಂದ ನಡೆಯುತ್ತಿದೆ. ಅದು ವಿಜ್ಞಾನದ ಇತಿಹಾಸಕ್ಕೆ, ಆದರೂ ದಾಖಲೆಗಳನ್ನ ಹೇಗೆ ಜೋಡಿಸಿದ್ದಾರೆ ಅಂತ ಒಮ್ಮೆ ಹೋಗಿ ನೋಡಿ.

ಫೋಟೋ_ಪರಿಷೆ

ಮಷೀನ್ ಫೋಟೋ ತೆಗೆಯುವವರಿಗೆ ಒಂದು ಮಾತು. ಪಿಕ್ಚರ್ ಟ್ಯೂಬ್ ಒಂದು ಸೆಕೆಂಡಿಗೆ ಸುಮಾರು 60 ಸಲ ಚಿತ್ರ ಬರೆಯುತ್ತದೆ. ಶಟರ್ ಅದಕ್ಕಿಂತ ವೇಗ ಇಟ್ಟರೆ ಅರ್ಧ ಪರದೆ ಕಪ್ಪು. 1/30 ಅಥವಾ 1/15 ಇಡಿ, ಟ್ರೈಪಾಡ್ ಕಡ್ಡಾಯ. ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಇಲ್ಲದಿದ್ದರೆ ಗಾಜಿನಲ್ಲಿ ನಿಮ್ಮದೇ ಮುಖ. ಮಷೀನ್ ಆಫ್ ಇರುವಾಗ ಒಂದು, ಆನ್ ಇರುವಾಗ ಒಂದು. ಬದಿಯಲ್ಲಿ ಅಳತೆ ಪಟ್ಟಿ ಇಡಿ. ಯಾರೂ ಇಡಲ್ಲ, ಆಮೇಲೆ ಡಬ್ಬದ ಎತ್ತರ ಎಷ್ಟು ಅಂತ ತಲೆ ಕೆರೆದುಕೊಳ್ಳುತ್ತಾರೆ.

ಬಸವನಗುಡಿ_ಬೈಟ್

ಎಲ್ಲ ಬರೆದುಕೊಳ್ಳುತ್ತಿದ್ದೇನೆ. ಈಗ ಯೋಚನೆ ಹೀಗಿದೆ. ಮೊದಲ ಪುಟದಲ್ಲಿ ಬೆಂಗಳೂರಿನ ಮ್ಯಾಪ್. ಒಂದು ಅಂಗಡಿ ಒತ್ತಿದರೆ ಒಳಗಿದ್ದ ಮಷೀನ್‌ಗಳ ಸಾಲು. ಒಂದು ಮಷೀನ್ ಒತ್ತಿದರೆ ಭಾಗ ಭಾಗವಾಗಿ ಬಿಚ್ಚಿಕೊಳ್ಳುತ್ತದೆ. ಬೋರ್ಡ್ ಒತ್ತಿದರೆ ಜಪಾನ್, ಅಮೆರಿಕದ ಕಥೆಗೆ ಹೋಗುತ್ತದೆ. ಗ್ರಾಫ್ ಆ ಹಂತದಲ್ಲಿ ಮಾತ್ರ, ಅಕ್ಕಪಕ್ಕದ ನಂಟು ತೋರಿಸೋಕೆ ಸಾಕು.

ಚುಕ್ಕಿಗೆರೆ

ಈಗ ಸರಿಯಾಯಿತು. ಮಷೀನಿನ ಚಿತ್ರವನ್ನ ಎಸ್‌ವಿಜಿ, ಅಂದ್ರೆ ಗೆರೆಗಳಿಂದ ಬರೆದ ಚಿತ್ರದ ಫೈಲ್, ಮಾಡಿ, ಭಾಗಗಳ ಮೇಲೆ ಒತ್ತುವ ಜಾಗ ಗುರುತಿಸೋದು ಸುಲಭ. ಮೂರು ಆಯಾಮದ ಮಾಡೆಲ್ ಮೊದಲೇ ಮಾಡಬೇಡಿ. ಗಾಜು, ಹೊಳೆಯುವ ಸ್ಟಿಕ್ಕರ್ ಇರುವ ವಸ್ತುವನ್ನ ಫೋಟೋಗಳಿಂದ ಮಾಡೆಲ್ ಮಾಡೋಕೆ ಹೋದರೆ ಎಲ್ಲ ಕರಗಿದ ಹಾಗೆ ಬರುತ್ತದೆ. ಮತ್ತೆ, ಹಳೇ ಫೋನಿನಲ್ಲಿ ತೆರೆಯುತ್ತಾ ಅಂತ ನೋಡಿ. ಈ ಅಂಗಡಿಗಳಲ್ಲಿ ಆಡಿದವರೆಲ್ಲ ಮ್ಯಾಕ್‌ಬುಕ್ ಇಟ್ಟುಕೊಂಡಿಲ್ಲ.

ಮಲ್ಲೇಶ್ವರಂ_ಮಗ

ಬೆಂಗಳೂರು ಮ್ಯಾಪಿನಿಂದ ಶುರು ಮಾಡಿದರೆ ಹುಬ್ಬಳ್ಳಿಯವರು, ಮಂಗಳೂರಿನವರು ಏನು ಮಾಡಬೇಕು?

ಸುಮ್ನೆ_ಓದುಗ

ಬಂದರು ನೋಡಿ. ಇನ್ನು ಬೆಳಗಾವಿ ಬರುವುದೊಂದು ಬಾಕಿ.

ಬಸವನಗುಡಿ_ಬೈಟ್

ಮ್ಯಾಪ್ ಹಿಗ್ಗಿಸಬಹುದು ಗುರು. ಡೇಟಾ ಕೊಡಿ, ಊರು ಸೇರಿಸುತ್ತೇವೆ.

ಜಯನಗರ_ಫೋರ್ತ್‌ಬ್ಲಾಕ್

ಇದನ್ನೆಲ್ಲ ಓದಿ ಮನೆ ಅಟ್ಟ ಹತ್ತಿದೆ. ಜೆರಾಕ್ಸ್ ಅಂಗಡಿಯವರು ಮುಚ್ಚುವಾಗ ಅಣ್ಣನಿಗೆ ಕೊಟ್ಟಿದ್ದ ಒಂದು ಬೋರ್ಡ್ ಸಿಕ್ಕಿತು. ಉದ್ದದ ಹಸಿರು ಬೋರ್ಡ್, ಒಂದು ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲು. ಚಿಪ್‌ಗಳ ಮೇಲೆ ಸಣ್ಣ ಗಾಜಿನ ಕಿಟಕಿ, ಕೆಲವಕ್ಕೆ ಸ್ಟಿಕ್ಕರ್ ಬಿದ್ದು ಹೋಗಿದೆ. ಯಾವ ಗೇಮ್ ಅಂತ ಗೊತ್ತಿಲ್ಲ. ಹಳೇ ಕಂಪ್ಯೂಟರಿನ ಪವರ್ ಸಪ್ಲೈ ಇದೆ, ಕೊಟ್ಟು ನೋಡಲಾ?

ಸೋಲ್ಡರ್_ಸ್ವಾಮಿ

ಬೇಡ ಬೇಡ! ಮುಟ್ಟಬೇಡಿ. ಆ ಕಿಟಕಿಗಳಿಗೆ ಈಗಲೇ ಬೆಳಕು ದಾಟದ ಟೇಪ್ ಅಂಟಿಸಿ. ಅವು ಈಪ್ರಾಮ್, ನೇರಳಾತೀತ ಬೆಳಕು ಬಿದ್ದರೆ ಒಳಗಿದ್ದದ್ದು ಅಳಿಸುತ್ತದೆ. ನೇರ ಬಿಸಿಲಿನಲ್ಲಿ ವಾರಗಟ್ಟಲೆ ಬಿದ್ದಿದ್ದರೆ ಮುಗಿಯಿತು, ಅಟ್ಟದ ಕತ್ತಲಲ್ಲಿ ಇದ್ದದ್ದು ಒಳ್ಳೇದಾಯಿತು. ಬೋರ್ಡಿನ ಮೇಲೆ ಬ್ಯಾಟರಿ ಇದೆಯಾ ನೋಡಿ. ಸೋರಿ ಹಸಿರು ಕಟ್ಟಿದ್ದರೆ ಹೇಳಿ. ಇದ್ದರೆ ಸುಮ್ನೆ ಕೀಳಬೇಡಿ. ಕ್ಯಾಪ್ಕಾಮಿನ ಸಿಪಿಎಸ್2 ಥರದ ಬೋರ್ಡಿನಲ್ಲಿ ಗುಪ್ತಲಿಪಿಯ ಕೀಲಿ ಆ ಬ್ಯಾಟರಿಯ ಬಲದಲ್ಲೇ ಉಳಿದಿರುತ್ತದೆ. ಅದು ಹೋದರೆ ಬೋರ್ಡ್ ಏಳಲ್ಲ.

ಕರೆಂಟ್ ಕೊಡುವ ಮೊದಲು ಚಿಪ್ ತೆಗೆದು ಓದಿಸಿಕೊಳ್ಳಬೇಕು. ನನ್ನ ಹತ್ತಿರ ಅದಕ್ಕೆ ಪ್ರೋಗ್ರಾಮರ್ ಅನ್ನೋ ಯಂತ್ರ ಇದೆ. ಎರಡೂ ಬದಿಯ ಫೋಟೋ ಹಾಕಿ, ಚಿಪ್ ನಂಬರ್ ಕಾಣುವ ಹಾಗೆ.

ಫೋಟೋ_ಪರಿಷೆ

ಫ್ಲ್ಯಾಶ್ ಹಾಕದೆ. ಪಕ್ಕದಲ್ಲಿ ಅಳತೆ ಪಟ್ಟಿ.

ಜಯನಗರ_ಫೋರ್ತ್‌ಬ್ಲಾಕ್

ಟೇಪ್ ಹಚ್ಚಿದೆ. ಬ್ಯಾಟರಿ ಇಲ್ಲ. ಹಲ್ಲು ಎಣಿಸಿದೆ, ಒಂದು ಕಡೆ 28, ತಿರುಗಿಸಿದರೆ ಇನ್ನೊಂದು ಕಡೆಯೂ 28.

ಸೋಲ್ಡರ್_ಸ್ವಾಮಿ

ಒಟ್ಟು 56. ಜಾಮಾ. ಭಾನುವಾರ ಎಸ್‌ಜೆಪಿ ರಸ್ತೆ ಕಡೆ ಬರುತ್ತೀರಾ? ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಬೇಡಿ, ದಿನಪತ್ರಿಕೆಯೂ ಬೇಡ. ಕಂಪ್ಯೂಟರ್ ಅಂಗಡಿಯಲ್ಲಿ ಮದರ್‌ಬೋರ್ಡ್ ಜೊತೆ ಬರುವ ಬೂದು ಬಣ್ಣದ ಕವರ್ ಕೇಳಿ ತಗೊಳ್ಳಿ.

ರಾಜಾಜಿನಗರ_90

ಮುಸ್ತಫಾ ಆಗಿದ್ದರೆ ಕಾಫಿ ನನ್ನದು.

ಮುಸ್ತಫಾ_ಫ್ಯಾನ್

ಎಷ್ಟು ಗಂಟೆಗೆ? ನಾನೂ ಬರುತ್ತೇನೆ.

ಬಸವನಗುಡಿ_ಬೈಟ್

ಹತ್ತೂವರೆ ಅಂದುಕೊಳ್ಳೋಣ. ಬರುವಾಗ ಅಣ್ಣನನ್ನೂ ಕರೆತನ್ನಿ ಜಯನಗರದವರೇ, ಬೋರ್ಡ್ ಯಾವ ಡಬ್ಬದಲ್ಲಿತ್ತು ಅಂತ ಅವರೇ ಹೇಳಬೇಕು. ಆರ್‌ಟಿಐ ಅರ್ಜಿಯ ಕರಡು ಇವತ್ತು ರಾತ್ರಿ ಇಲ್ಲೇ ಹಾಕುತ್ತೇನೆ, ಕಾನೂನು_ಕಟ್ಟೆಯವರು ಒಮ್ಮೆ ನೋಡಿ ತಿದ್ದಬೇಕು.